ಬೂದಿರಾಯನ ಮೂವತ್ತನೆಯ ಕಾರ್ಡು

ಮಾರ್ಚ್ ೧೪, ಭಾನುವಾರ ಸಂಜೆ

ತಮ್ಮಾ,

...ಸೋತರೆ ಎಲ್ಲರೂ ಒಟ್ಟಿಗೆ ಸೋಲುತ್ತೇವೆ ಅಂದೆಯೋ, ಗೆದ್ದರೆ ಎಲ್ಲರೂ ಒಟ್ಟಿಗೆ ಗೆಲ್ಲುತ್ತೇವೆ ಅಂದೆಯೋ, ಈಗ ಸರಿಯಾಗಿ ನೆನಪಿಲ್ಲ. ಆ ಕಾರ್ಡಿನಾಟದ ಪೆಟ್ಟಿಗೆಯನ್ನು ಮೊದಲ ಸಲ ಮನೆಗೆ ತಂದ ದಿನ, ನೀನು ಚಪ್ಪಲಿ ಬಿಚ್ಚುತ್ತ ಬಾಗಿಲಲ್ಲೇ ಹೇಳಿದ್ದೆ. ಎರಡೂ ಒಂದೇ ಮಾತು ಎಂದುಕೊಂಡಿದ್ದೆ ನಾನು. ಈಗ ಹಾಗನ್ನಿಸುವುದಿಲ್ಲ.

ನಿನ್ನ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯದೆ ಕೂತದ್ದಕ್ಕೆ ಕೆಲಸದ ನೆಪ ಹೇಳಬಹುದು, ಹೇಳುವುದಿಲ್ಲ. ಸಿಟ್ಟಿತ್ತು, ಬರೆಯಲಿಲ್ಲ. ತಡಕ್ಕೆ ಮಾತ್ರ ಕ್ಷಮೆ ಇರಲಿ, ಸಿಟ್ಟಿಗಲ್ಲ. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು. ಎದುರುಮನೆಯ ದರ್ಜಿಯಮ್ಮ ಚೆನ್ನಾಗಿದ್ದಾಳೆ. ಭಾನುವಾರ ಮೂರು ಗಂಟೆಗೆ ಈಗಲೂ ಬರುತ್ತಾಳೆ, ಕೊರಳಲ್ಲಿ ಅಳತೆ ಟೇಪಿನ ಸಮೇತ.

ಕೈ ಹೇಗಿದೆ ಎಂದು ಮೂರು ಸಲವೂ ಕೇಳಿದ್ದೀಯ. ಎಡಗೈಯ ತೋರುಬೆರಳು, ನಡುಬೆರಳು ಮೊದಲ ಗೆಣ್ಣಿನಿಂದಾಚೆ ಇಲ್ಲ. ಉಳಿದದ್ದೆಲ್ಲ ಇದೆ. ಬೈಂಡಿಂಗ್ ಮನೆಯಲ್ಲಿ ಹೊಲಿಗೆಗೂ ಕೂರುತ್ತೇನೆ, ಕಾಗದ ಕತ್ತರಿಸುವ ಯಂತ್ರದ ಮುಂದೂ ನಿಲ್ಲುತ್ತೇನೆ. ಮೊನ್ನೆ ಯಜಮಾನರು, “ಇನ್ಮೇಲೆ ಅಂಟು ಬಳಿಯೋ ಕೆಲಸ ನೋಡ್ಕೊಳ್ಳಮ್ಮಾ, ಕೂತು ಮಾಡೋದು, ಆರಾಮ” ಅಂದರು. “ಆರಾಮ ಬೇಕಾಗಿದ್ರೆ ಮನೆಯಲ್ಲೇ ಇರ್ತಿದ್ದೆ” ಅಂದೆ. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಕೈಯ ಪಟ್ಟಿ ಬಿಚ್ಚಿದ ಮೊದಲ ಭಾನುವಾರ ನಿನಗೆ ನೆನಪಿರಲೇಬೇಕು. ಮೂವರೂ ಕೂತೆವು. ಆಟದ ವೀರರಲ್ಲಿ ನಾನು ಗೋಡೆ ದಾಟುವವಳು, ನೀನು ಸಿಡಿಲುಗೈ, ದರ್ಜಿಯಮ್ಮ ಹಾರುವ ಮುದುಕಿ. ಎದುರಿಗೆ ಬೂದಿರಾಯ. ಪೆಟ್ಟಿಗೆಯಲ್ಲಿದ್ದ ಖಳರಲ್ಲೆಲ್ಲ ಕೆಟ್ಟವನಿಗೆ ನಾವಿಟ್ಟ ಹೆಸರು ಅದು. ಎರಡು ವರ್ಷದಲ್ಲಿ ಒಮ್ಮೆಯೂ ಅವನನ್ನು ಮಣಿಸಿರಲಿಲ್ಲ. ನಾವು ಹತ್ತು ಬಡಕಲು ಕಾರ್ಡುಗಳಿಂದ ಶುರುಮಾಡಿ, ಮೇಜಿನ ನಡುವೆ ಹರಡಿದ ಸಾಲಿನಿಂದ ಒಂದೊಂದೇ ಗಟ್ಟಿ ಕಾರ್ಡು ಸಂಪಾದಿಸಿ, ನಮ್ಮ ನಮ್ಮ ಕಟ್ಟು ಬಲಪಡಿಸಿಕೊಳ್ಳುವಷ್ಟರಲ್ಲಿ ಅವನ ಕಟ್ಟಿನಿಂದ ಸರದಿಗೊಂದು ಕೇಡು ತೆರೆದುಕೊಳ್ಳುತ್ತಿತ್ತು. ಮೂವತ್ತು ಕೇಡುಗಳು. ಅದರಲ್ಲಿ ‘ಊರು ಕುಸಿಯಿತು’ ಎಂಬ ಒಂದು ಬಂದರೆ ಸಾಕು, ಮೂವರೂ ನೆಲಕಚ್ಚುತ್ತಿದ್ದೆವು.

ಆ ಭಾನುವಾರ ಅದು ಬರಲಿಲ್ಲ. ಅವನ ಕಟ್ಟಿನಲ್ಲಿ ಇನ್ನೂ ಕೆಲವು ಕಾರ್ಡು ಉಳಿದಿರುವಾಗಲೇ ಗೆದ್ದೆವು. ದರ್ಜಿಯಮ್ಮ ಟೇಪನ್ನು ಗಾಳಿಯಲ್ಲಿ ಬೀಸಿ, “ಬೂದಿರಾಯನ ಸೊಂಟದ ಅಳತೆ ತೊಗೊಳ್ರೋ, ಚಟ್ಟಕ್ಕೆ ಬೇಕಾಗುತ್ತೆ!” ಎಂದು ಕೂಗಿದಳು. ನಾನು ಅವನ ಕಟ್ಟನ್ನೆಲ್ಲ ಒಟ್ಟುಮಾಡಿ ಎಡಗೈಯಲ್ಲಿ ಹಿಡಿದು ಹೆಬ್ಬೆರಳು ಹಾಯಿಸಿದೆ. ಇಪ್ಪತ್ತಾರು ವರ್ಷ ಹಾಳೆಗಳ ಮೇಲೆ ಹಾಯಿಸಿದ ಬೆರಳು. “ಒಂದು ಕಡಿಮೆ ಇದೆ ಅನ್ನಿಸ್ತಿದೆ ಕಣೋ” ಅಂದೆ. ನೀನು ಏನಂದೆ? “ಕೈ ಇನ್ನೂ ಮರಗಟ್ಟಿದೆ ಅಕ್ಕಾ, ನಿಧಾನಕ್ಕೆ ಸರಿಹೋಗುತ್ತೆ.”

ನಂಬಿದೆ. ಮರುದಿನ ಬೆಳಗ್ಗೆ ಕೆಲಸಕ್ಕೆ ಹೋದೆ. ಬೂದಿರಾಯನನ್ನೇ ಸೋಲಿಸಿದವಳಿಗೆ ಒಂದು ಕಬ್ಬಿಣದ ಯಂತ್ರ ಯಾವ ಲೆಕ್ಕ ಎಂದು, ನಗಬೇಡ, ನಿಜವಾಗಿಯೂ ಹಾಗೆಂದುಕೊಂಡೇ ಹೋದೆ. ಆದರೆ ಅಲ್ಲಿ ಹಾಳೆ ಎಣಿಸಿದಾಗಲೆಲ್ಲ ಎರಡೆರಡು ಸಲ ಎಣಿಸುತ್ತಿದ್ದೆ. ಕೈ ಮರಗಟ್ಟಿದೆಯಲ್ಲ.

ಜನವರಿ ಕೊನೆಯಲ್ಲಿ ಆಟದ ಪೆಟ್ಟಿಗೆಯ ಒಳತಟ್ಟೆಯ ಮೂಲೆ ಹರಿಯಿತು. ಅಂಟು ಹಾಕೋಣವೆಂದು ತಟ್ಟೆ ಎತ್ತಿದೆ. ತಳದಲ್ಲಿ, ಮುಖ ಕೆಳಗಾಗಿ, ‘ಊರು ಕುಸಿಯಿತು’ ಮಲಗಿತ್ತು. ತಾನಾಗಿ ಜಾರಿ ಬೀಳುವ ಜಾಗವಲ್ಲ ಅದು.

ಅಂಟಿನ ಕುಂಚ ಒಣಗಿ ಗಟ್ಟಿಯಾಗುವ ತನಕ ಕೂತಿದ್ದೆ. ಎದುರಾಳಿಯಾಗಿ ಮನುಷ್ಯರೇ ಇಲ್ಲದ ಆಟದಲ್ಲಿ ಮೋಸ ಮಾಡಿದವನೆಂದರೆ ನಿನ್ನೊಬ್ಬನನ್ನೇ ನಾನು ಕಂಡದ್ದು. ನನ್ನನ್ನು ಗೆಲ್ಲಿಸಿದೆ, ಸರಿ. ಅಕ್ಕನಿಗೆ ಇನ್ನೊಂದು ಸೋಲು ತಡೆಯುವ ಶಕ್ತಿಯಿಲ್ಲ ಎಂದು ನಿನಗೆ ಹೇಳಿದವರು ಯಾರು? ಬೆರಳು ಹೋದರೂ ಕೈ ನನ್ನದೇ ಇತ್ತು. ಅದು ನಿಜ ಹೇಳಿದಾಗ ಸುಳ್ಳೆಂದು ನಂಬಿಸಿದೆಯಲ್ಲ, ಯಂತ್ರ ಕತ್ತರಿಸದೆ ಉಳಿಸಿದ್ದನ್ನು ನೀನು ಕತ್ತರಿಸಿದೆ.

ಕಾರ್ಡನ್ನು ಕಟ್ಟಿಗೆ ಮರಳಿ ಸೇರಿಸಿದ್ದೇನೆ. ಅಂದಿನಿಂದ ಏಳು ಭಾನುವಾರ ಬೂದಿರಾಯನ ಜೊತೆಗೇ ಆಡಿದ್ದೇವೆ, ಏಳೂ ಸೋತಿದ್ದೇವೆ. ಆಡುವ ಜನ ಎಷ್ಟೋ ಅಷ್ಟಕ್ಕೆ ತಕ್ಕಂತೆ ಖಳನ ಬಲ ಇಡಬೇಕು ಎಂಬುದು ನಿಯಮ. ನಾವು ಇಬ್ಬರೇ, ಆದರೂ ಮೂವರ ಬಲ ಇಡುತ್ತೇನೆ. ದರ್ಜಿಯಮ್ಮನಿಗೆ ಸಾಕಾಗಿದೆ.

“ವಾರವಿಡೀ ಗಿರಾಕಿಗಳ ಹತ್ರ ಸೋತು ಬರ್ತೀನಿ, ಇಲ್ಲೂ ಸೋಲ್ಬೇಕಾ? ಬರದೇ ಇರೋನ ಪಾಲಿನ ಏಟೂ ನಾವೇ ತಿನ್ಬೇಕಾ?”

“ತಿನ್ಬೇಕು.”

“ನಿಂಗೆ ತಲೆ ಕೆಟ್ಟಿದೆ.”

“ಕಾರ್ಡ್ ಇಡು.”

ಇಡುತ್ತಾಳೆ, ಮತ್ತೆ ತೆಗೆಯುತ್ತಾಳೆ. “ಇನ್ನೂ ‘ಬಿಟ್ಟೆ’ ಅಂದಿಲ್ಲ ನಾನು” ಎನ್ನುತ್ತಾಳೆ. ಬೈಂಡಿಂಗ್ ಮನೆಯಿಂದ ನಾವಿಬ್ಬರು ತಂದ ಕಟ್ಟಳೆಯನ್ನು ಈಗ ನಮಗಿಂತ ಚೆನ್ನಾಗಿ ಅವಳೇ ಬಳಸುತ್ತಾಳೆ. ಅಲ್ಲಿ ಕತ್ತರಿಸುವ ಯಂತ್ರದೊಳಗೆ ಕಾಗದದ ಅಡಕಲನ್ನು ಸರಿಮಾಡುವವರು ಕೈ ಹಿಂದಕ್ಕೆ ತೆಗೆದು ‘ಬಿಟ್ಟೆ’ ಅನ್ನಬೇಕು, ಆಮೇಲಷ್ಟೇ ಇನ್ನೊಬ್ಬರು ಅಲಗು ಇಳಿಸುವ ಹಿಡಿ ಎಳೆಯಬೇಕು. ಇಲ್ಲಿ ‘ಬಿಟ್ಟೆ’ ಅಂದಮೇಲೆ ಇಟ್ಟ ಕಾರ್ಡನ್ನು ಹಿಂದೆ ತೆಗೆಯುವಂತಿಲ್ಲ. ನನ್ನ ಬೆರಳು ಹೋದ ದಿನ ನೀನು ಆ ಮಾತಿಗೆ ಕಾಯದೆ ಹಿಡಿ ಎಳೆದೆ ಎಂದು ಬೈಂಡಿಂಗ್ ಮನೆಯವರೆಲ್ಲ ನಂಬಿದ್ದಾರೆ. ನೀನೂ ಒಪ್ಪಿಕೊಂಡೆ, ಕೆಲಸ ಕಳೆದುಕೊಂಡೆ, ಊರನ್ನೂ ತೊರೆದೆ. ಆ ವಿಷಯ ಈಗ ಬೇಡ.

ಇವತ್ತು ಇನ್ನೊಂದು ಸುತ್ತು ಸಿಕ್ಕಿದ್ದರೆ ಗೆಲ್ಲುತ್ತಿದ್ದೆವು. ‘ಊರು ಕುಸಿಯಿತು’ ಬಂದೇ ಬಂತು. ಬಂದಾಗ ನನಗೆ ಒಂದು ಥರದ ನೆಮ್ಮದಿಯಾಯಿತು, ಹಳೆಯ ಪರಿಚಯದವರು ಹೇಳಿದ ಹೊತ್ತಿಗೆ ಬಂದ ಹಾಗೆ. ಕಾರ್ಡುಗಳನ್ನು ಎತ್ತಿಡುವಾಗ ಹೆಬ್ಬೆರಳು ಹಾಯಿಸಿದೆ. ಮೂವತ್ತು. ಒಂದೇ ಸಲ ಎಣಿಸಿದೆ.

ಹಾಗಾಗಿ ಕೇಳು. ಇನ್ನು ಮುಂದೆ ನನ್ನನ್ನು ಗೆಲ್ಲಿಸಬೇಡ. ಬಂದು ನನ್ನ ಪಕ್ಕ ಕೂತು ಸೋಲು. ಮೇಜಿನ ಮೂರನೆಯ ಬದಿಯಲ್ಲಿ ಸಿಡಿಲುಗೈಯ ಹತ್ತು ಬಡಕಲು ಕಾರ್ಡು ಪ್ರತಿ ಭಾನುವಾರ ಇಟ್ಟಿರುತ್ತೇನೆ. ಯಾರೂ ಮುಟ್ಟುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ರಟ್ಟಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೋ. ಕೆಮ್ಮು ನಿನ್ನ ತಂಟೆಗೆ ಬಾರದಿರಲಿ, ನಿನ್ನ ಎರಡು ಕೈಯೂ ಹತ್ತು ಬೆರಳೂ ನೂರು ವರ್ಷ ಬಾಳಲಿ.

ನಿನ್ನ ಅಕ್ಕ

ಮತ್ತೆ: ಲಕೋಟೆಗೆ ಅಂಟು ಹಚ್ಚಿದವಳು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ನೀನೊಂದು ಕಾರ್ಡು ಮುಚ್ಚಿಟ್ಟದ್ದಕ್ಕೆ ಇಷ್ಟೆಲ್ಲ ಬೈದೆ. ನಾನು ಮುಚ್ಚಿಟ್ಟದ್ದು ಇದು: ಆ ದಿನ ನಾನು ‘ಬಿಟ್ಟೆ’ ಅಂದಿದ್ದೆ. ಅಡಕಲಿನ ಅಂಚು ಕೂದಲೆಳೆಯಷ್ಟು ಸೊಟ್ಟಗೆ ಕಂಡಿತು. ಬಾಯಿ ಆಗಲೇ ಅಂದಾಗಿತ್ತು, ಕೈ ಮತ್ತೆ ಒಳಗೆ ಹೋಯಿತು. ಯಜಮಾನರು ಆಸ್ಪತ್ರೆಗೆ ಬಂದು, “ಅವನು ಕಾಯಲಿಲ್ವಂತೆ, ಹೌದೇನಮ್ಮಾ?” ಎಂದಾಗ ಗೋಡೆ ನೋಡುತ್ತ ಮಲಗಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪು ಮಾಡದವಳು ಎಂಬ ಹೆಸರು ನನಗೆ ಅಷ್ಟು ಬೇಕಾಗಿತ್ತು. ನಾಳೆ ಬೆಳಗ್ಗೆ ಆ ಯಂತ್ರದ ಪಕ್ಕದಲ್ಲೇ ನಿಂತು ಎಲ್ಲರಿಗೂ ಹೇಳುತ್ತೇನೆ. ನೀನು ಬೇಡವೆಂದರೂ ಅಷ್ಟೇ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಹೇಳಿ ಆಗಿರುತ್ತದೆ. ಒಂದು ಮಾತ್ರ ನನಗೆ ಗೊತ್ತಿಲ್ಲ, ಇಷ್ಟು ತಿಂಗಳು ಕೇಳಲು ಧೈರ್ಯವಾಗಲಿಲ್ಲ. ಆ ಯಂತ್ರಕ್ಕೆ ಸದ್ದಿಲ್ಲ, ನೀನು ನಿಂತಿದ್ದದ್ದು ಒಂದು ಮಾರು ದೂರದಲ್ಲಿ. ನಾನು ‘ಬಿಟ್ಟೆ’ ಅಂದದ್ದು ನಿನಗೆ ಕೇಳಿಸಿತ್ತು, ಅಲ್ಲವೇನೋ?