ಉಂಡೆಗೆ ಹೊಲಿದ ಅಂಗಿ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಲಾರಿ ಓಡಿಸಿ ಓಡಿಸಿ ಹಿಡಿದುಕೊಂಡಿದ್ದ ಸೊಂಟ ಈಗ ಪರವಾಗಿಲ್ಲವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಬರೀ ಟೀ ಕುಡಿದು ದಿನ ದೂಡುತ್ತೀಯೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅಪ್ಪನೂ ಚೆನ್ನಾಗಿದ್ದಾರೆ ಅಂತಲೇ ಬರೆಯುತ್ತೇನೆ. ಸಾಲಿಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಚೆನ್ನಾಗಿಲ್ಲದಿರುವುದು ನಿನ್ನ ನಾಯಿ, ಉಂಡೆ. "ಹೊಲಿಗೆ ನನ್ನಿಂದಾಗಲ್ಲ" ಅಂತ ಅಪ್ಪನ ಹತ್ತಿರ ಜಗಳವಾಡಿಕೊಂಡು ನೀನು ಹೋದಾಗಿನಿಂದ ಅದು ಬಾಗಿಲ ಮೆಟ್ಟಿಲು ಬಿಟ್ಟು ಕದಲುತ್ತಿಲ್ಲ. ಸುಡುಬಿಸಿಲು ಬೀಳುವುದೂ ಅಲ್ಲೇ. ಬಿಳಿ ಕೂದಲು, ಗುಲಾಬಿ ಚರ್ಮ, ಸಾಲದ್ದಕ್ಕೆ ಮಹಾರಾಜನ ಹಾಗೆ ಅಂಗಾತ ಮಲಗುವ ಚಾಳಿ. ಹೊಟ್ಟೆಯೆಲ್ಲ ಕೆಂಪಾಗಿ ಸಿಪ್ಪೆ ಏಳುತ್ತಿದೆ. ಮೂಗಿನ ಮೇಲೊಂದು ಹುಣ್ಣು, ಮಾಯುತ್ತಲೇ ಇಲ್ಲ. ನಾಯಿಗೂ ಬಿಸಿಲು ತಗುಲುತ್ತದೆ ಎಂದರೆ ನಾನು ನಗುತ್ತಿದ್ದೆ. ಪ್ರಾಣಿವೈದ್ಯೆ ನಗಲಿಲ್ಲ. "ಹೀಗೇ ಬಿಸಿಲಲ್ಲಿ ಬಿದ್ದಿದ್ರೆ ಹುಣ್ಣು ಕ್ಯಾನ್ಸರ್‌ಗೆ ತಿರುಗಬಹುದು, ಮೊದಲು ನೆರಳಿಗೆ ತನ್ನಿ" ಅಂದರು. ನಾವು ಹಚ್ಚಿಕೊಳ್ಳುವ ಕ್ರೀಮು ಹಚ್ಚಕೂಡದಂತೆ, ನೆಕ್ಕಿದರೆ ವಿಷವಾಗಬಹುದಂತೆ. ಮೈಗೆ ತಿಳಿಬಣ್ಣದ ತೆಳುಬಟ್ಟೆ ಹಾಕಿ ಎಂದರು.

ಬಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಟೇಪು ಹಿಡಿದು ಎದ್ದರು. ಗಿರಾಕಿಗಳ ಕೆಲಸವೆಲ್ಲ ಬದಿಗೆ. ಕುತ್ತಿಗೆ, ಎದೆ, ತೋಳು ಅಳೆದು ಸಂಜೆಯೊಳಗೆ ಅಂಗಿ ಹೊಲಿದೇಬಿಟ್ಟರು. ಕಾಲರೂ ಇತ್ತು, ಜೇಬೂ ಇತ್ತು! ಜೀವಮಾನವೆಲ್ಲ ಮನುಷ್ಯರಿಗೆ ಹೊಲಿದ ಕೈಯಲ್ಲವೇ, ಗುಂಡಿಗಳನ್ನು ಮುಂದಕ್ಕೇ ಇಟ್ಟಿದ್ದರು. ಉಂಡೆಗೆ ಮುಂದೆ ಅಂದರೆ ಹೊಟ್ಟೆ. ಅದು ಅಂಗಾತ ಹೊರಳಿದ್ದೇ ಗುಂಡಿಗಳು ಪಟಪಟ ಕಿತ್ತುಹೋಗಿ, ಮುಚ್ಚಬೇಕಾದ ಜಾಗವೇ ಬಟಾಬಯಲು. ಅಮ್ಮ ನಕ್ಕು ನಕ್ಕು ಸುಸ್ತಾದಳು. ಅಪ್ಪ ಮುಖ ಊದಿಸಿಕೊಂಡು, ಗುಂಡಿಗಳನ್ನು ಬೆನ್ನಿಗಿಟ್ಟು ಮತ್ತೊಂದು ಹೊಲಿದರು. ಈಗ ಹೊಟ್ಟೆ ಭದ್ರ. ಮೂಗಿಗೆ ಏನು ಹೊಲಿಯುವುದು, ಹೇಳು? ಒಳಗೆ ಕಟ್ಟಿಹಾಕಿದರೆ ಅನ್ನ ಮುಟ್ಟದೆ ಊಳಿಡುತ್ತದೆ. ಪರದೆ ಕಟ್ಟಿದರೆ ಅದರಾಚೆ ಹೋಗಿ ಬಿಸಿಲಲ್ಲೇ ಮಲಗುತ್ತದೆ, ನೆರಳಿನಿಂದ ಬೀದಿ ಕಾಣುವುದಿಲ್ಲವಲ್ಲ. ನನಗೆ ಭಯವಾಗುತ್ತಿದೆ ಅಣ್ಣಾ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಅಮ್ಮ ಹರಸಿದ್ದಾಳೆ, ಲಾರಿ ನಿಧಾನವಾಗಿ ಓಡಿಸಬೇಕಂತೆ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಬರೆಯಬೇಡ ಎಂದು ಅಪ್ಪ ಗದರಿದ್ದಾರೆ, ಆದರೂ ಬರೆಯುತ್ತೇನೆ. ಈಚೆಗೆ ಮಧ್ಯಾಹ್ನವಾದರೆ ಮಿಷನ್ನು ಮುಚ್ಚಿ, ಕೊಡೆ ಹಿಡಿದುಕೊಂಡು ಅವರೂ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಕೊಡೆಯೆಲ್ಲ ನಾಯಿಯ ಮೇಲೆ, ಅವರ ಬೋಳುತಲೆ ಬಿಸಿಲಿಗೆ. ಈಗ ಅವರ ನೆತ್ತಿಯೂ ಸಿಪ್ಪೆ ಏಳುತ್ತಿದೆ. ಒಳಗೆ ಬನ್ನಿ ಅಂದರೆ, "ಅದು ಬರ್ಲಿ, ಆಮೇಲೆ ನಾನು ಬರ್ತೀನಿ" ಅನ್ನುತ್ತಾರೆ. ಇಬ್ಬರಿಗೂ ನನ್ನ ಮಾತು ನಾಟುತ್ತಿಲ್ಲ. ನೀನೇ ಬಂದು ಇಬ್ಬರನ್ನೂ ಒಳಗೆ ಕರಿ.