ತವರಿನ ಹೆಪ್ಪು

ಹರಿಹರ
ಫೆಬ್ರವರಿ 30, 2291

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ಕಾಗದ ಬಿಸಾಕಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಕ್ಕೆ ಹೆಸರೂ ಇಲ್ಲ, ಕೆಲಸವೂ ಇಲ್ಲ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸೀತು, ಮನ್ನಿಸಿ.

ನಾನು ನಮ್ಮ ಬೀದಿಯ ಲೋಳೆಗಾವಲುಗಾರ. ಇಲ್ಲಿ ಪ್ರತಿ ಬೀದಿಗೂ ಒಂದು ಕಲ್ಲಿನ ತೊಟ್ಟಿ. ಒಳಗೆ ಇಳಿಜಾರಾಗಿ ಜೋಡಿಸಿದ ಚಪ್ಪಡಿಗಳ ಮೇಲೆ ಹೊಳೆನೀರು ನಿಧಾನವಾಗಿ ಇಳಿಯುತ್ತದೆ. ಚಪ್ಪಡಿಯ ಮೇಲಿನ ಲೋಳೆಹಾಸು, ಅಂದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅಂಟು ಸುರಿಸಿ ಕಟ್ಟಿಕೊಂಡ ಪದರ, ಕೊಳೆ ತಿಂದು ಕುಡಿಯುವ ನೀರು ಕೊಡುತ್ತದೆ. ಬೆಳಿಗ್ಗೆ ಚಪ್ಪಡಿ ಸವರಿ ನೋಡುವುದು ನನ್ನ ಕೆಲಸ. ಬೆರಳು ಜಾರಿದರೆ ಬೀದಿ ಬದುಕಿತು, ಗರಗರ ಅಂದರೆ ಗ್ರಹಚಾರ ಕೆಟ್ಟಿತು.

ಲೋಳೆ ತೆಳುವಾದರೆ ನೆಂಟರ ತೊಟ್ಟಿಯಿಂದ ಒಂದು ಸೌಟು ತಂದು ಬೆರೆಸುತ್ತಾರೆ. ಮೊಸರಿನ ಹಾಗೇ ಅದಕ್ಕೂ ಹೆಪ್ಪು ಎಂದೇ ಹೆಸರು. ಹೊಸ ಹೆಪ್ಪನ್ನು ಇಪ್ಪತ್ತೊಂದು ದಿನ ಬೇರೆ ಕೊಡದಲ್ಲಿ, ತಮ್ಮ ಲೋಳೆಯ ಚೂರಿನ ಜೊತೆ ಇಟ್ಟು ನೋಡಬೇಕೆಂದು ನಿಯಮ. ಕಾರಣ ಒಳಮಲಗಿ. ಬ್ಯಾಕ್ಟೀರಿಯಾದೊಳಗೆ ಹೊಕ್ಕು ತಣ್ಣಗೆ ಮಲಗುವ ವೈರಸ್ಸಿಗೆ ನಾವಿಟ್ಟ ಹೆಸರು. ನಮ್ಮ ತೊಟ್ಟಿಯಲ್ಲಿ ಅದು ತಲೆಮಾರುಗಳಿಂದ ಇದೆ. ಆಗಾಗ ಎದ್ದು ಕೆಲವನ್ನು ಒಡೆಯುತ್ತದೆ. ಒಡೆದವುಗಳಿಂದ ಚೆಲ್ಲಿದ ಎಳೆಗಳೇ ಉಳಿದವನ್ನು ಹಗ್ಗದಂತೆ ಬಿಗಿಯುತ್ತವೆ. ನಮ್ಮ ಲೋಳೆ ಊರಿಗೇ ದಪ್ಪ ಎಂಬ ಹೆಮ್ಮೆ ಈ ಕಳ್ಳನಿಂದ ಬಂದದ್ದು. ಅದನ್ನು ಹೊತ್ತ ಬ್ಯಾಕ್ಟೀರಿಯಾಕ್ಕೆ ಭಯವಿಲ್ಲ, ಮೊದಲ ಸಲ ಕಂಡವಕ್ಕೆ ಉಳಿಗಾಲವಿಲ್ಲ.

ಹೋದ ತಿಂಗಳು, ಹೊಂಗೆಕಟ್ಟೆಗೆ ಕೊಟ್ಟ ತಂಗಿ ಹಾಲವ್ವ ಬಂದು ಹೆಪ್ಪು ಕೇಳಿದಳು. ಅವರದು ಕೆರೆಯ ನೀರು. ನಮ್ಮ ಹೊಳೆಯ ಲೋಳೆ ಅಲ್ಲಿ ಒಂಟಿಯಾಗಿ ನಿಲ್ಲದು, ಅವರ ಲೋಳೆಗೆ ಆಸರೆಯಾದೀತು ಅಷ್ಟೆ. ಇಪ್ಪತ್ತೊಂದು ದಿನದ ಮಾತು ನನ್ನ ಬಾಯಿತನಕ ಬಂತು. ಅವಳು ಮುಖ ನೋಡಿಯೇ ತಿಳಿದುಕೊಂಡಳು.

"ತವರಿನ ಹೆಪ್ಪನ್ನ ಬೇರೆ ಕೊಡದಲ್ಲಿ ಕೂರಿಸ್ತಾರಾ ಅಣ್ಣಾ? ಬೀದಿಯವರು ನಗಲ್ವಾ?"

ನಿಜ, ಯಾರೂ ಕೂರಿಸುವುದಿಲ್ಲ. ತವರನ್ನು ಶಂಕಿಸಿದ ಹಾಗಾಗುತ್ತದೆ. ಊರಿಗೆಲ್ಲ ನಿಯಮ ಹೇಳುವ ನಾನೇ ಅದನ್ನು ಬಿಟ್ಟು ಒಂದು ಸೌಟು ತುಂಬಿಕೊಟ್ಟೆ. ಕೊಟ್ಟದ್ದು ಹೆಪ್ಪು, ಕಟ್ಟಿಕೊಟ್ಟದ್ದು ತಪ್ಪು.

ಐದನೆಯ ದಿನ, ನಮ್ಮ ಒಳಮಲಗಿಯನ್ನು ಎಂದೂ ಕಂಡಿರದ ಅವಳ ತೊಟ್ಟಿಯ ಲೋಳೆ ನೆನೆದ ಹಪ್ಪಳದಂತೆ ಕಳಚಿ ಬಿತ್ತು. ಅರವತ್ತು ಮನೆಗೆ ಕದಡಿದ ನೀರು. ಕಾಯಿಸಿ ಸೋಸಿ ಕುಡಿದರೂ ಮಕ್ಕಳಿಗೆ ವಾಂತಿ. ಹಾಲವ್ವನ ಮೊಮ್ಮಗಳು ಸಂಕವ್ವ, ಎರಡು ವರ್ಷದ ಕೂಸು, ಮೂರು ದಿನದಿಂದ ಕಣ್ಣು ಬಿಟ್ಟಿಲ್ಲ. ಚಪ್ಪಡಿ ತೊಳೆದದ್ದು ಸರಿಯಾಗಲಿಲ್ಲ, ತನ್ನದೇ ತಪ್ಪು ಎಂದು ತಂಗಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಿನ್ನೆ ನಾನು ಹೋಗಿ ಎಲ್ಲರ ಮುಂದೆ ನಿಜ ಹೇಳಿದೆ. ಬೈಗುಳ ಧಾರಾಳವಾಗಿ ಸಿಕ್ಕಿತು. ಹಾಲವ್ವ ಮಾತ್ರ ತಲೆ ಎತ್ತಲಿಲ್ಲ.

ನಿಮ್ಮ ಕಾಲದಲ್ಲಿ ಹೊಂಗೆಕಟ್ಟೆ ಕೆರೆಯ ಲೋಳೆಯಲ್ಲೂ ಇದೇ ಒಳಮಲಗಿ ಮಲಗಿತ್ತೆಂದು ಹಳೆಯ ಬರಹವೊಂದು ಹೇಳುತ್ತದೆ. ನಡುವಿನವರು ಕಲ್ಲು ಉಜ್ಜಿ ಉಜ್ಜಿ ಆ ತಳಿಯನ್ನೇ ಕಳೆದರು. ಈಗ ಹಾಲವ್ವನ ತೊಟ್ಟಿಯಲ್ಲಿ, ಕೆರೆಯ ನೀರಿಗೂ ಒಗ್ಗಿ ಒಳಮಲಗಿಗೂ ಅಂಜದೆ ನಿಲ್ಲಬಲ್ಲದ್ದು ಅದೊಂದೇ. ಈ ಕಾಗದ ತರುವ ಹಿಂದೂಡು ಹಿಂದಕ್ಕೆ ಮಾತ್ರ ಓಡುವ ಅಂಚೆ, ಹಾಳೆಗಿಂತ ಭಾರ ಹೊರದು. ನಿಮ್ಮಿಂದ ನನಗಿರುವ ದಾರಿ ಮಣ್ಣೊಂದೇ.

ಹೊಂಗೆಕಟ್ಟೆ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ನೆರಳು ಬದಿಯಿಂದ ಅಂಗೈಯಷ್ಟು ಲೋಳೆ ಕೆರೆದು, ಹಸಿ ಜೇಡಿಮಣ್ಣಿನಲ್ಲಿ ಕಲಸಿ, ಪಿಂಗಾಣಿ ಭರಣಿಗೆ ತುಂಬಿ, ಬಾಯಿಗೆ ಮೇಣ ಬಳಿದು, ಕೆರೆಯ ತೂಬಿನ ಬುಡದಲ್ಲಿ ಆಳುದ್ದ ಹೂಳಿ. ತೂಬು ಇನ್ನೂ ಗಟ್ಟಿಯಾಗಿದೆ. ಇಷ್ಟು ವರ್ಷ ಲೋಳೆ ಬದುಕೀತೇ, ನನಗೆ ಗೊತ್ತಿಲ್ಲ. ನಾಳೆ ಮಾಡೋಣ ಎನ್ನಬೇಡಿ. ಆ ನಾಳೆ ಮರೆತುಹೋದರೆ ಇಲ್ಲಿ ಒಂದು ಮಗುವಿಗೆ ನಾಡಿದ್ದಿಲ್ಲ.

ಗುದ್ದಲಿ ತೆಗೆದುಕೊಂಡು ತೂಬಿನ ಹತ್ತಿರ ಹೊರಟಿದ್ದೇನೆ. ನೀವು ಇಡುವವರಾದರೆ ಭರಣಿ ಆಗಲೇ ಅಲ್ಲಿದೆ.

ನಿಮ್ಮವನೇ,
ಕೊಟ್ರಯ್ಯ