ರಾಜಿಯಾದ ಮೇಲೂ ದೋಣಿಮನೆಗೆ ಅರಗು

ಮಾನ್ಯರೇ,

ನೀವು ನನ್ನನ್ನು ನಂಬಿಸಿ ಕತ್ತು ಕೊಯ್ದಿದ್ದೀರಿ. ಬೇರೆ ಸಭ್ಯ ಮಾತು ಹುಡುಕಿ ನೋಡಿದೆ, ಸಿಗಲಿಲ್ಲ. ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ನಮ್ಮ ಸರ್ಕಾರದ ಪರವಾಗಿ ನಿಲ್ಲುವ ಅಧಿಕಾರಿ ನೀವು. ನಮ್ಮ ದೇಶದ ಕೋರ್ಟು ನನ್ನ ದಾವೆಯನ್ನು ಹತ್ತೊಂಬತ್ತು ವರ್ಷ ಎಳೆದಿದೆ ಎಂದು ನಾನು ಸ್ಟ್ರಾಸ್‌ಬರ್ಗಿನ ಆ ನ್ಯಾಯಾಲಯಕ್ಕೆ ದೂರು ಕೊಟ್ಟಾಗ, "ಸ್ನೇಹಪೂರ್ವಕ ಇತ್ಯರ್ಥ ಮಾಡಿಕೊಳ್ಳೋಣ" ಎಂದು ಪತ್ರ ಬರೆದವರು ನೀವು. ನಾನು ಸಹಿ ಹಾಕಿದೆ. ಸಹಿಯ ಶಾಯಿ ಆರುವ ಮೊದಲೇ ಅದೇ ಸರ್ಕಾರದ ಅಮೀನ ಬಂದು ನಮ್ಮ ದೋಣಿಮನೆಯ ಬಾಗಿಲಿಗೆ ಮತ್ತೆ ಅರಗಿನ ಮುದ್ರೆ ಒತ್ತಿ ಹೋದ. ಶತ್ರುಗಳು ಹೀಗೆ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ಸ್ನೇಹಿತರು ಮಾಡಿದ್ದಕ್ಕೆ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಿಮಗೆ ನನ್ನ ಅರ್ಜಿಯ ಸಂಖ್ಯೆ ಗೊತ್ತು, ಲುಕ್ರಿಯಾ ಗೊತ್ತಿಲ್ಲ. ಲುಕ್ರಿಯಾ ಎಂದರೆ ನಮ್ಮ ಅಜ್ಜ ಕಟ್ಟಿಸಿ ಅಜ್ಜಿಯ ಹೆಸರಿಟ್ಟ ಮರದ ದೋಣಿ. ನನ್ನ ಅಪ್ಪನೂ ಚಿಕ್ಕಪ್ಪನೂ ವಾರಕ್ಕೊಬ್ಬರಂತೆ ಅದರಲ್ಲಿ ಸಾರ್ಡೀನ್ ಮೀನು ಹಿಡಿದು ಎರಡು ಮನೆ ಸಾಕಿದರು. ಇಬ್ಬರೂ ತೀರಿಹೋದ ಮೇಲೆ ಚಿಕ್ಕಪ್ಪನ ಮಗ ಕುಜ್ಮಾ, "ನಿಮ್ಮಪ್ಪ ಇಸ್ಪೀಟಾಟದಲ್ಲಿ ತನ್ನ ಪಾಲು ನಮ್ಮಪ್ಪನಿಗೆ ಬಿಟ್ಟುಕೊಟ್ಟಿದ್ದ" ಎಂದ. ನಮ್ಮಪ್ಪ ನನ್ನನ್ನು ಬೇಕಾದರೆ ಬಿಟ್ಟುಕೊಟ್ಟಾನು, ದೋಣಿಯನ್ನಲ್ಲ ಎಂದು ನಾನು ದಾವೆ ಹೂಡಿದೆ. ತೀರ್ಪು ಬರುವ ತನಕ ಯಥಾಸ್ಥಿತಿ ಕಾಪಾಡಬೇಕು ಎಂದು ಕೋರ್ಟು ದೋಣಿಮನೆಗೆ ಅರಗು ಒತ್ತಿತು. ಸ್ವಾಮೀ, ಮರದ ದೋಣಿಗೆ ಎಂಥ ಯಥಾಸ್ಥಿತಿ? ಒಂದು ಬೇಸಿಗೆ ದಡದಲ್ಲಿ ಕೂತರೆ ಹಲಗೆ ಕುಗ್ಗುತ್ತದೆ, ಎರಡನೆಯದಕ್ಕೆ ಸಂದು ಬಿಡುತ್ತದೆ. ಕಲ್ಲುಬಂಡೆಗೆ ಹೇಳುವ ಆದೇಶವನ್ನು ದೋಣಿಗೆ ಹೇಳಿದರು. ಒಬ್ಬ ನ್ಯಾಯಾಧೀಶೆ ಹೆರಿಗೆ ರಜೆಗೆ ಹೋದರು, ಆ ಕೂಸಿಗೆ ಈಗ ಮೀಸೆ ಬಂದಿದೆಯಂತೆ. ದೋಣಿಯ ಬೆಲೆ ಕಟ್ಟಬೇಕಾಗಿದ್ದ ತಜ್ಞರು ದಕ್ಷಿಣದ ಗಾಳಿ ಬೀಸುವಾಗ ನಮ್ಮೂರಿಗೆ ಬರುವ ಹಡಗು ಹತ್ತಲಾರೆ ಎಂದರು. ಉತ್ತರದ ಗಾಳಿ ಬೀಸುವಾಗ ಅವರು ರಜೆಯಲ್ಲಿದ್ದರು. ವಾಯಿದೆಯ ಮೇಲೆ ವಾಯಿದೆ ಬಿದ್ದು, ಪಟ್ಟಣದ ಕೋರ್ಟಿನ ಜಗಲಿಯಲ್ಲಿ ಕಾಫಿ ಮಾರುವವಳು ನನಗೆ ಬೀಗಿತ್ತಿಯಷ್ಟು ಹತ್ತಿರವಾದಳು.

ಕೊನೆಗೆ ಹಟ ಬಿಟ್ಟವನು ಕುಜ್ಮಾ. ಒಂದು ಸಂಜೆ ನನ್ನ ಹೊಸ್ತಿಲ ಹೊರಗೆ ಟೋಪಿ ತೆಗೆದು ನಿಂತ.

"ಅಕ್ಕಾ, ಒಳಗೆ ಬರ್ಲಾ?"

"ಕೋರ್ಟಲ್ಲಿ ಅಪ್ಪಣೆ ತಗೊಂಡು ಬಾರೋ."

"ಅಲ್ಲಿ ಕೇಳಿದ್ರೆ ನನ್ ಮೊಮ್ಮಗ ಒಳಗೆ ಬರ್ಬೇಕಾಗತ್ತೆ. ಬೆಳಗ್ಗೆ ಬಾಗಿಲ ಸಂದೀಲಿ ಇಣುಕಿ ನೋಡ್ದೆ ಕಣಕ್ಕಾ. ಲುಕ್ರಿಯಾ ಹೊಟ್ಟೆ ಬಿರಿದು ಆ ಕಡೆ ಗೋಡೆ ಕಾಣ್ತಿದೆ. ಅರ್ಧ ನಿಂದು, ಅರ್ಧ ನಂದು. ಮುಗಿಸಾಣ."

ಅವನ ಮುಖಕ್ಕೆ ಬಾಗಿಲು ಹಾಕಬೇಕೆಂದು ಎಷ್ಟೋ ವರ್ಷದಿಂದ ಅಭ್ಯಾಸ ಮಾಡಿಟ್ಟುಕೊಂಡಿದ್ದೆ. ಆಗಲಿಲ್ಲ, ಅಳು ಬಂತು. ಮರುವಾರ ಇಬ್ಬರೂ ಒಂದೇ ಹಡಗಿನಲ್ಲಿ ಕೋರ್ಟಿಗೆ ಹೋಗಿ, ನಮ್ಮ ಜಗಳ ಮುಗಿದಿದೆ, ಅರಗು ತೆಗೆಯಿರಿ ಎಂದೆವು. ರಾಜಿ ದಾಖಲಿಸಲು ನ್ಯಾಯಾಧೀಶರು ಬೇಕು, ಇದ್ದವರು ವರ್ಗವಾದರು, ಹೊಸಬರು ಬಂದು ಕಡತವನ್ನು ಮೊದಲಿನಿಂದ ಓದಬೇಕು ಎಂದರು. ಜಗಳ ಮಾಡಿದವರಿಗೇ ಜಗಳ ಬೇಡವಾಗಿತ್ತು, ಕೋರ್ಟಿಗೆ ಬೇಕಾಗಿತ್ತು. ನಾನು ಸ್ಟ್ರಾಸ್‌ಬರ್ಗಿಗೆ ದೂರು ಬರೆದದ್ದು ಆಗ.

ಆಮೇಲೆ ನಿಮ್ಮ ಪತ್ರ ಬಂತು. ದಪ್ಪ ಕಾಗದ, ಮೇಲೆ ರಾಷ್ಟ್ರಲಾಂಛನ. ವಿಳಂಬವನ್ನು ಸರ್ಕಾರ ಒಪ್ಪುತ್ತದೆ, ಪರಿಹಾರ ಕೊಡುತ್ತದೆ, ವಿಷಯ ಸ್ನೇಹಪೂರ್ವಕವಾಗಿ ಇತ್ಯರ್ಥವಾಗುತ್ತದೆ ಎಂದಿತ್ತು. ನಮ್ಮ ಕೊಲ್ಲಿಯಲ್ಲಿ ಇತ್ಯರ್ಥಕ್ಕೆ ಒಂದು ಪದ್ಧತಿಯಿದೆ. ಜಗಳವಾಡಿದವರು ಒಂದೇ ತಟ್ಟೆಯಿಂದ ಉಪ್ಪು ಸಾರ್ಡೀನ್ ತಿನ್ನಬೇಕು. ಆಮೇಲೆ ಅದೇ ದಿನ, ಹೊತ್ತು ಮುಳುಗುವುದರೊಳಗೆ, ಯಾವುದಕ್ಕಾಗಿ ಜಗಳವಾಯಿತೋ ಅದಕ್ಕೆ ಎಲ್ಲರೂ ಕೈ ಹಚ್ಚಿ ಕೆಲಸಕ್ಕೆ ಇಳಿಸಬೇಕು. ಗೋಡೆಯಾದರೆ ಕಲ್ಲಿಡಬೇಕು, ಬಾವಿಯಾದರೆ ನೀರು ಸೇದಬೇಕು. ಅಷ್ಟಾಗದೆ ರಾಜಿಯಾಯಿತು ಎಂದರೆ ಇಲ್ಲಿ ಮಕ್ಕಳೂ ನಗುತ್ತಾರೆ. ನಿಮಗೂ ಇದು ಗೊತ್ತಿರುತ್ತದೆ ಎಂದುಕೊಂಡದ್ದು ನನ್ನ ದಡ್ಡತನ.

ನಿಮ್ಮ ಕಚೇರಿಗೆ ದಿನ ತಿಳಿಸಿ ಮೇಜು ಹಾಕಿದೆ. ಕುಜ್ಮಾ ರೊಟ್ಟಿ ತಂದ, ನಾನು ಮೀನು, ಈರುಳ್ಳಿ, ಎಣ್ಣೆ ಇಟ್ಟೆ. ನಿಮಗೊಂದು ಕುರ್ಚಿ, ಅದರ ಮೇಲೆ ಮೆತ್ತನೆ ದಿಂಬು, ರಾಜಧಾನಿಯವರಿಗೆ ನಮ್ಮ ಹಲಗೆ ಒತ್ತಬಾರದಲ್ಲ! ಸಾಕ್ಷಿಗೆ ಕೂತ ಮುದಿ ಮೀನುಗಾರ ವಿಸ್ಕೋ ಅಜ್ಜ ನಿಮ್ಮ ಖಾಲಿ ಕುರ್ಚಿ ನೋಡಿ ನೋಡಿ ಗೊಣಗಿದ: "ಸರ್ಕಾರಕ್ಕೆ ಹಸಿವಿಲ್ವೇನೋ. ನೀವು ತಿನ್ರಪ್ಪಾ, ಬಿಸ್ಲು ಇಳೀತಿದೆ." ತಿಂದೆವು. ನಿಮ್ಮ ಪಾಲಿನ ಮೀನನ್ನು ಬೆಕ್ಕು ತಿಂದಿತು. ಆಮೇಲೆ ಊರವರೆಲ್ಲ ಸೇರಿ ಅರಗು ಒಡೆದು ಲುಕ್ರಿಯಾಳನ್ನು ಎಳೆದೆವು. ಒಣಗಿದ ದೋಣಿಗೆ ಒಂದೇ ಮದ್ದು, ದಡದ ನೀರಿನಲ್ಲಿ ಕಲ್ಲು ತುಂಬಿ ಮುಳುಗಿಸುವುದು. ನೀರು ಕುಡಿದು ಹಲಗೆ ಉಬ್ಬಿ ಸಂದು ತಾನೇ ಕೂಡುತ್ತದೆ. ನಾವು ಮೈ ಒದ್ದೆ ಮಾಡಿಕೊಂಡು ನಕ್ಕೆವು. ಕುಜ್ಮಾ ಎದೆಮಟ್ಟ ನೀರಿನಲ್ಲಿ ನಿಂತು, "ಕುಡಿ ಅಜ್ಜೀ, ಹೊಟ್ಟೆ ತುಂಬಾ ಕುಡಿ" ಎಂದು ದೋಣಿಯ ಬೆನ್ನು ಸವರುತ್ತಿದ್ದ.

ಎರಡು ದಿನದಲ್ಲಿ ಸಂದುಗಳು ಅರ್ಧ ಕೂಡಿದ್ದವು. ಆಗ ಅಮೀನ ಬಂದ, ಹಿಂದೆ ಇಬ್ಬರು ಪೊಲೀಸರು, ಬಂದರಿನ ಕ್ರೇನು.

"ಕೋರ್ಟಿನ ಅರಗು ಒಡ್ದಿದ್ದೀರಿ. ಅಪರಾಧ ಇದು."

"ಸರ್ಕಾರವೇ ರಾಜಿ ಆಗಿದೆಯಪ್ಪಾ, ಕಾಗದ ನೋಡು" ಎಂದೆ.

ಪಾಪ, ನೋಡಿದ. "ಇದು ಬೇರೆ ಇಲಾಖೆ ಕಾಗದ ಅಮ್ಮಾ" ಎಂದ.

ವಸ್ತುವನ್ನು ಮೊದಲಿದ್ದ ಸ್ಥಿತಿಗೆ ತರಬೇಕೆಂದು ದೋಣಿಯನ್ನು ನೀರಿನಿಂದ ಎತ್ತಿ, ಸುರಿಯುತ್ತಿದ್ದ ಹಾಗೆಯೇ ಒಳಗಿಟ್ಟು ಅರಗು ಒತ್ತಿದರು. ಅರ್ಧ ಉಬ್ಬಿದ ಮರ ಮತ್ತೆ ಒಣಗಿದರೆ ಸೀಳುತ್ತದೆ. ಮೂರನೆಯ ರಾತ್ರಿಗೇ ಒಳಗಿನಿಂದ ಮರ ಚಟಚಟ ಸೀಳುವ ಸದ್ದು ಕೇಳಿಸಿತು. ಕುಜ್ಮಾ ಕಿವಿ ಮುಚ್ಚಿಕೊಂಡು ದೋಣಿಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ನಿಮ್ಮ ಕಚೇರಿಗೆ ಫೋನು ಮಾಡಿದೆ. ಸಕ್ಕರೆಯಂಥ ದನಿಯ ಒಬ್ಬಾಕೆ ಹೇಳಿದಳು, "ಮೇಡಂ, ಇತ್ಯರ್ಥ ಆಗಿರೋದು ವಿಳಂಬದ ಬಗ್ಗೆ ಮಾತ್ರ. ದೋಣಿಗೂ ನಮಗೂ ಸಂಬಂಧ ಇಲ್ಲ."

"ಹಾಗಾದ್ರೆ ವಿಳಂಬ ಮುಗೀತಾ ತಾಯೀ?"

"ಅದಕ್ಕೆ ಪರಿಹಾರ ಕೊಟ್ಟಾಗಿದೆಯಲ್ಲ ಮೇಡಂ!"

ಈಗ ಅರ್ಥವಾಯಿತು. ನೀವು ವಿಳಂಬವನ್ನು ನಿಲ್ಲಿಸಲಿಲ್ಲ, ಕೊಂಡುಕೊಂಡಿರಿ. ಇನ್ನು ಮುಂದೆ ಇದರ ಬಗ್ಗೆ ದೂರುವುದಿಲ್ಲ ಎಂದು ನನ್ನಿಂದಲೇ ಬರೆಸಿಕೊಂಡು ಬಾಯಿಗೂ ಅರಗು ಒತ್ತಿದಿರಿ. ಹತ್ತೊಂಬತ್ತು ವರ್ಷ ನನ್ನ ಶತ್ರುವಾಗಿದ್ದ ಕುಜ್ಮಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ನೀವು ಒಂದೇ ಪತ್ರದಲ್ಲಿ ಸ್ನೇಹಿತರಾದಿರಿ, ಒಂದೇ ವಾರದಲ್ಲಿ ಕೈಬಿಟ್ಟಿರಿ. ಯಾರನ್ನು ನಂಬಬೇಕಿತ್ತು ನಾನು, ಹೇಳಿ?

ಡಿಸೆಂಬರಿನಲ್ಲಿ ಕಡಲಿಗರನ್ನು ಕಾಯುವ ಸಂತ ನಿಕೋಲನ ಹಬ್ಬ. ಆ ದಿನ ನಮ್ಮೂರಿನ ಚರ್ಚಿನ ಮುಂದೆ ದುಡಿದು ದಣಿದ ಒಂದು ಹಳೆಯ ದೋಣಿಯನ್ನು ಸುಡುತ್ತೇವೆ. ಅದರ ಬೂದಿಯನ್ನು ಹೊಸ ದೋಣಿಯ ಅಡಿಮರಕ್ಕೆ ಹಚ್ಚುತ್ತೇವೆ. ನಮ್ಮಲ್ಲಿ ದೋಣಿಗೆ ಸಿಗುವ ಸಾವಿನ ಗೌರವ ಅದೇ. ಲುಕ್ರಿಯಾ ಇನ್ನು ಉಳಿಯದಿದ್ದರೆ ಆ ಗೌರವವಾದರೂ ಸಿಗಲಿ ಎಂದು ವಿಸ್ಕೋ ಅಜ್ಜನನ್ನು ಕೇಳಿದೆ. ಅವನು ಬೇಡವೆಂದು ತಲೆಯಾಡಿಸಿದ.

"ಆ ಮರ್ಯಾದೆ ಕಡಲಲ್ಲಿ ಸವೆದು ಸತ್ತ ದೋಣಿಗೆ ಕಣೇ, ಪೆರೀನಾ. ಬೀಗದ ಹಿಂದೆ ಸತ್ತಿದ್ದನ್ನ ಸಂತನ ಮುಂದೆ ಹೆಂಗವ್ವಾ ಇಡೋದು?"

ಮಾನ್ಯರೇ, ನಿಮ್ಮ ಪರಿಹಾರವನ್ನು ಬಂದ ಖಾತೆಗೇ ತಿರುಗಿಸಿದ್ದೇನೆ. ನನ್ನ ಬೇಡಿಕೆ ಒಂದೇ. ಹಬ್ಬಕ್ಕೆ ಮೊದಲು ನೀವೇ ಬನ್ನಿ. ನಿಮ್ಮ ಕೈಯಿಂದಲೇ ಆ ಅರಗು ತೆಗೆಯಿರಿ, ನಮ್ಮ ಜೊತೆ ಹೆಗಲು ಕೊಟ್ಟು ಲುಕ್ರಿಯಾಳನ್ನು ನೀರಿಗೆ ಇಳಿಸಿ. ಅವಳು ತೇಲಿದರೆ ಸಂತೋಷ. ಮುಳುಗಿದರೂ ಚಿಂತೆಯಿಲ್ಲ, ಅವಳು ಕಡಲಲ್ಲಿ ಸತ್ತಳು ಎಂದು ನಾವು ವಿಸ್ಕೋ ಅಜ್ಜನಿಗೆ ಹೇಳಬಹುದು.

ಇಂತಿ,
ದಿಂಬು ಹಾಕಿದ ಕುರ್ಚಿಯನ್ನು ಇನ್ನೂ ಒಳಗೆ ತೆಗೆದಿಡದ,
ಕಾಗದದ ಮೇಲೆ ಮಾತ್ರ ತಮ್ಮ ಸ್ನೇಹಿತೆ,
ಪೆರೀನಾ